ಪೆಟ್ಟಿಗೆಯೊಳಗಿನ ಸವತಿ

ಒತ್ತಿದ್ದು ತನ್ನ ಬೆರಳೇ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಕೈತಪ್ಪಿ ಒತ್ತಿದ್ದೋ ಬೇಕೆಂದೇ ಒತ್ತಿದ್ದೋ ಎಂಬುದು ಮಾತ್ರ, ಕೀಬೋರ್ಡಿನ ಪುಟ್ಟ ಹಸಿರು ಪರದೆಯಲ್ಲಿ ಕಪ್ಪು ಚೌಕಗಳು ಎಡದಿಂದ ಬಲಕ್ಕೆ ಒಂದರ ಪಕ್ಕ ಒಂದು ಬಂದು ಕೂರುವುದನ್ನು ನೋಡುತ್ತ ನೋಡುತ್ತ, ಬಗೆಹರಿಯದೆ ಹೋಯಿತು. ಯಂತ್ರ ಕೇಳಿಯೇ ಮಾಡಿತ್ತು. ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮಾಡಲೇ ಎಂದು ಒಮ್ಮೆ ಕೇಳಿತ್ತು. ಹೌದು ಎಂದ ಮೇಲೆ, ಖಚಿತವೇ ಎಂದು ಇನ್ನೊಮ್ಮೆ ಕೇಳಿತ್ತು. ಮದುವೆಯ ಹೊತ್ತಿನಲ್ಲೂ ಅವನನ್ನು ಯಾರೂ ಹೀಗೆ ಎರಡೆರಡು ಸಲ ಕೇಳಿರಲಿಲ್ಲ. ಹಳೆಯ ಡಿಸ್ಕು ಯಂತ್ರದ ಹೊಟ್ಟೆಯೊಳಗಿತ್ತು, ಅದರ ಸಂಖ್ಯೆ ಸೊನ್ನೆ. ಹೊಸದೆಂದರೆ ಉಗುರಿಗಿಂತ ಸ್ವಲ್ಪ ದೊಡ್ಡ ಒಂದು ಕಾರ್ಡು. ದಪ್ಪ ಕೇಬಲ್ಲಿನ ತುದಿಯಲ್ಲಿ ಹೊರಗೆ ನೇತಾಡುತ್ತಿತ್ತು, ಅದರ ಸಂಖ್ಯೆ ಒಂದು. ಹಳೆಯದು ಕೆಲವು ವಾರಗಳಿಂದ ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಾಗೆ ಕಟಕಟ ಅನ್ನುತ್ತಿತ್ತು. ಅದು ಪೂರ್ತಿ ಕೈಕೊಡುವ ಮೊದಲು ಹೊಸದನ್ನು ಫಾರ್ಮ್ಯಾಟ್ ಮಾಡಿ, ಇದ್ದಬದ್ದ ಸದ್ದುಗಳನ್ನೆಲ್ಲ ಅದಕ್ಕೆ ಸಾಗಿಸಿಬಿಡುವುದು ಅವನ ಬೆಳಗಿನ ಕೆಲಸ. ಪರದೆಯ ಮೇಲಿನ ಸೊನ್ನೆಯನ್ನು ಒಂದಕ್ಕೆ ತಿರುಗಿಸಬೇಕಿತ್ತು, ಅಷ್ಟೆ. ತಿರುಗಿಸಿದೆನೆಂದೇ ಅವನ ನೆನಪು. ಈಗ ನೋಡಿದರೆ ಹೊಟ್ಟೆಯೊಳಗಿನ ಕಟಕಟ ಒಂದೇ ಸಮನೆ ನಡೆದಿತ್ತು, ಕೇಬಲ್ಲಿನ ತುದಿಯ ಕಾರ್ಡು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗೆ ತೂಗುತ್ತಿತ್ತು. ಅಯ್ಯೋ ಅನ್ನಬೇಕೆಂದು ಅವನು ತುಟಿ ಮುಂದೆ ಮಾಡಿದ. ಬಂದದ್ದು ಒಂದು ಸಣ್ಣ ಸಿಳ್ಳೆ.

ಖಾಲಿ ನಾಟಕಶಾಲೆಯಲ್ಲಿ ಆ ಸಿಳ್ಳೆ ಕುರ್ಚಿಗಳ ಸಾಲುಗಳ ಮೇಲೆ ಹಾದು ಹಿಂದಿನ ಗೋಡೆ ಮುಟ್ಟಿ ವಾಪಸು ಬಂತು. ಕಂಪನಿಯಲ್ಲಿ ಅವನನ್ನು ಎಲ್ಲರೂ ಪೆಟ್ಟಿಗೆ ಮಾಸ್ತರು ಎನ್ನುತ್ತಿದ್ದರು. ರಂಗದ ಎಡಮೂಲೆಯಲ್ಲಿ, ಅರ್ಧ ಪರದೆಯ ಹಿಂದೆ ಅರ್ಧ ಮುಂದೆ, ಅವನೂ ಅವನ ಕೀಬೋರ್ಡೂ ಎಷ್ಟೋ ವರ್ಷಗಳಿಂದ ಒಟ್ಟಿಗೆ ಹಳಬರಾಗುತ್ತಿದ್ದರು. ಅದು ಅಂಗಡಿಯಲ್ಲಿ ಸಿಗುವ ಮಾಮೂಲಿ ಕೀಬೋರ್ಡಲ್ಲ, ಸ್ಯಾಂಪ್ಲರು. ತನ್ನದೆಂಬ ಸ್ವರ ಅದಕ್ಕೆ ಒಂದೂ ಇಲ್ಲ. ಮೈಕಿನ ಮುಂದೆ ಗುಡುಗಲಿ, ಕೆಮ್ಮಲಿ, ಬಾಗಿಲು ಕಿರುಗುಟ್ಟಲಿ, ಕೇಳಿದ್ದನ್ನು ನುಂಗುತ್ತದೆ. ಆಮೇಲೆ ಯಾವ ಕೀ ಒತ್ತಿದರೆ ಆ ಸ್ಥಾಯಿಯಲ್ಲಿ ಅದನ್ನೇ ಕಕ್ಕುತ್ತದೆ. ಕುದುರೆ ಓಟ, ಕತ್ತಿ ಕಾಳಗ, ಯಜಮಾನರ ಹಳೇ ಸ್ಕೂಟರಿನಿಂದ ಹಿಡಿದ ರಾಕ್ಷಸನ ಗುಟುರು, ಎಲ್ಲ ಆ ಡಿಸ್ಕಿನಲ್ಲಿದ್ದವು. ಅವು ಹೋದರೆ ಹೋಗಲಿ, ಸ್ಕೂಟರು ಇನ್ನೂ ಇದೆ. ಹೋಗಬಾರದಿದ್ದುದು ಒಂದೇ, ರಾಣಿಯಮ್ಮನ ‘ಆ’. ನಾಟಕದ ಕೊನೆಯಲ್ಲಿ ರಾಜ ಸತ್ತು ಬಿದ್ದಾಗ ರಾಣಿ ಓಡಿಬಂದು ಮಂಡಿಯೂರಿ, ತಲೆ ಮೇಲೆತ್ತಿ, ಬಾಯಿ ತೆರೆದು ತೆಗೆಯುವ ಆ ತಾರಸ್ವರಕ್ಕೆಂದೇ ಜನ ಟಿಕೆಟ್ಟು ತೆಗೆದುಕೊಳ್ಳುತ್ತಿದ್ದರು. ರಾಣಿಯಮ್ಮನ ಗಂಟಲು ಕೈಕೊಟ್ಟು ಬಹಳ ಕಾಲವಾಗಿತ್ತು. ಬಾಯಿ ತೆರೆಯುತ್ತಿದ್ದುದು ಅವಳು, ಕೀ ಒತ್ತುತ್ತಿದ್ದುದು ಅವನು. ಇದು ಅವರಿಬ್ಬರಿಗೂ ರಾಜನ ಪಾತ್ರ ಮಾಡುವ ಯಜಮಾನರಿಗೂ ಗೊತ್ತು. ಅವನ ಹೆಂಡತಿಗೂ ಗೊತ್ತು, ಆದರೆ ಅವಳಿಗೆ ಗೊತ್ತಿರುವುದು ಉಳಿದಿಬ್ಬರಿಗೆ ಗೊತ್ತಿಲ್ಲ. ಹಸಿರು ಪರದೆಯಲ್ಲಿ ಕೊನೆಯ ಚೌಕವೂ ಬಂದು ಕೂತಿತು. ಮುಗಿಯಿತು, ಎಂದು ಯಂತ್ರ ವಿನಯದಿಂದ ತಿಳಿಸಿತು. ಸಂಜೆ ನಾಟಕವಿತ್ತು.

ಭಾವಮೈದುನನ ಅಂಗಡಿಗೆ ಹೋಗುವ ದಾರಿಯಲ್ಲಿ ಅವನು ತನ್ನ ಮುಖವನ್ನು ಕಂಡಕಂಡ ಗಾಜಿನಲ್ಲೆಲ್ಲ ನೋಡಿಕೊಂಡ. ಆದ ಅನಾಹುತಕ್ಕೆ ತಕ್ಕ ಮುಖ ಅದಾಗಿರಲಿಲ್ಲ. ಹುಬ್ಬು ಗಂಟಿಕ್ಕಿ ನೋಡಿದರೆ, ಕನ್ನಡಕದಂಗಡಿಯ ಗಾಜಿನಲ್ಲಿ ಅದು ಸಾಲ ಕೇಳಲು ಹೊರಟವನ ಮುಖದಂತೆ ಕಂಡಿತು. ಬಿಟ್ಟುಬಿಟ್ಟ. ಬಿಟ್ಟೊಡನೆ ತುಟಿಯ ಮೂಲೆ ತಾನಾಗಿ ಮೇಲಕ್ಕೆ ಹೋಯಿತು. ಏನಾಗಿದೆ ನನಗೆ, ಎಂದುಕೊಂಡ. ರಾಣಿಯಮ್ಮ ತನಗೆ ಅನ್ನ ಹಾಕಿದವಳು. ಕಂಪನಿಗೆ ಮೊದಲ ದಿನ ಅವನು ಬಂದದ್ದು ಹಾಡಲು. ಹೊಸ ಅಂಗಿ ಹಾಕಿಕೊಂಡು ಇದೇ ರಂಗದ ಮೇಲೆ ನಿಂತು, ಇಡೀ ಒಂದು ಹಾಡು ಹಾಡಿದ್ದ. ಕಣ್ಣು ಮುಚ್ಚಿ ಕೇಳಿದ್ದ ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದ್ದಳು, “ಪಾಪ, ಆಯ್ತಲ್ಲ. ಕೂತ್ಕೋ. ಕೈಯಾದ್ರೂ ಚೆನ್ನಾಗಿದ್ಯಾ ನೋಡೋಣ.” ಕೈ ಚೆನ್ನಾಗಿತ್ತು. ಅಂದಿನಿಂದ ಅವನು ಕೈಯಾಗಿದ್ದ. ನಗುವವರು ಯಾರೂ ಇರದಿದ್ದ ಆ ಮಧ್ಯಾಹ್ನ ಒಬ್ಬ ಹುಡುಗಿ ಮಾತ್ರ, ರಂಗದ ಪಕ್ಕದಲ್ಲಿ ಯಾರದೋ ಜರಿ ಅಂಚಿಗೆ ಹೊಲಿಗೆ ಹಾಕುತ್ತ ಕೂತಿದ್ದವಳು, ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಕ್ಕಿದ್ದಳು. ಅವಳನ್ನೇ ಮದುವೆಯಾದ. ನಕ್ಕವಳನ್ನು ಮನೆಗೆ ತಂದಿಟ್ಟುಕೊಂಡರೆ ಹೊರಗೆ ಆ ನಗೆ ಹರಡುವುದಿಲ್ಲವೆಂದು ಆಗ ಅನ್ನಿಸಿತ್ತೋ ಏನೋ.

ಭಾವಮೈದುನನ ಅಂಗಡಿ ಎಂದರೆ ಹಳೆಯ ಯಂತ್ರಗಳ ಆಸ್ಪತ್ರೆ, ಅದಕ್ಕಿಂತ ಹೆಚ್ಚಾಗಿ ಶವಾಗಾರ. ಬಿಚ್ಚಿಟ್ಟ ಟೀವಿಗಳ ನಡುವೆ ಅವನು ಬನಿಯನ್ನಿನಲ್ಲಿ ಕೂತು, ಬೆಸುಗೆ ಹಾಕುತ್ತ, ನಾಲ್ಕು ಗಿರಾಕಿಗಳಿಗೆ ಏನೋ ಕಥೆ ಹೇಳುತ್ತಿದ್ದ.

“ಬನ್ನಿ ಭಾವ. ನಾನು ಕೊಟ್ಟ ಕಾರ್ಡು ಹಿಡೀತಾ?”

“ಹಿಡೀತು. ಆದ್ರೆ ಬರೀ ಒಂದು ಮೂಲೆ ಮಾತ್ರ ಕಾಣ್ತಿದೆ ಅದಕ್ಕೆ.”

“ಅಷ್ಟೇ ಕಾಣೋದು. ನಿಮ್ಮ ಯಂತ್ರ ಹುಟ್ಟಿದ ಕಾಲಕ್ಕೆ ಅಷ್ಟು ಜಾಗ ಇದ್ರೆ ಅರಮನೆ ಇದ್ದಂಗೆ. ಅದಕ್ಕಿಂತ ಮೇಲೆ ಎಣಿಸೋಕೇ ಬರಲ್ಲ ಅದಕ್ಕೆ,” ಎಂದು ಅವನು ಗಿರಾಕಿಗಳ ಕಡೆ ತಿರುಗಿದ. “ನೋಡಿ ಸ್ವಾಮಿ, ಇವರ ಪೆಟ್ಟಿಗೆಗೆ ಇಡೀ ಊರನ್ನೇ ಬರೆದುಕೊಟ್ರೂ, ಹೋಗಿ ಅಡುಗೆಮನೆ ಮೂಲೇಲಿ ಚಾಪೆ ಹಾಸ್ಕೊಂಡು ಮಲಗುತ್ತೆ. ಉಳಿದ ಜಾಗ ಇದೆ ಅಂತಾನೇ ಗೊತ್ತಾಗಲ್ಲ ಅದಕ್ಕೆ.”

ಗಿರಾಕಿಗಳು ನಕ್ಕರು. ಅವನೂ ನಕ್ಕ. ಆದರೆ ಮಾತು ಎಲ್ಲೋ ಚುಚ್ಚಿಕೊಂಡು ಕೂತಿತು. ತನ್ನೊಳಗೂ ಹಾಗೇ ಏನಾದರೂ ಬಿದ್ದಿದೆಯೇ, ತನಗೆ ಎಣಿಸಲು ಬಾರದ ಜಾಗ? ಇಷ್ಟು ವರ್ಷ ಒಂದು ಮೂಲೆಯಲ್ಲಿ ಕೂತು, ಇನ್ನೊಬ್ಬರ ಬಾಯಿ ತೆರೆಯುವುದನ್ನೇ ಕಾದು, ಸರಿಯಾದ ಗಳಿಗೆಗೆ ಬೆರಳು ಇಟ್ಟು, ಸರಿಯಾದ ಗಳಿಗೆಗೆ ತೆಗೆದು. ಬೆರಳು ಇಡುವಾಗ ಅವಳ ಕಡೆ ನೋಡಬೇಕು, ತೆಗೆಯುವಾಗಲೂ ಅವಳ ಕಡೆಯೇ ನೋಡಬೇಕು. ಹೆಂಡತಿಯ ಮುಖವನ್ನೂ ಅವನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ಈ ಮಾತನ್ನು ಹೆಂಡತಿ ಒಮ್ಮೆ ಹೇಳಿಯೂ ಇದ್ದಳು. ಭಾವಮೈದುನನ ಕಡೆ ಬಾಗಿ, “ಹಳೇ ಡಿಸ್ಕು ಅಳಿಸಿಹೋಯ್ತು,” ಎಂದ ಮೆಲ್ಲಗೆ. “ವಾಪಸು ತೆಗೆಯೋಕೆ ಆಗುತ್ತಾ?”

ಭಾವಮೈದುನ ಬೆಸುಗೆಯ ಕಡ್ಡಿ ಕೆಳಗಿಟ್ಟ. “ಅಳಿಸಿಹೋಯ್ತಾ, ಅಳಿಸಿದ್ರಾ?”

“ಫಾರ್ಮ್ಯಾಟ್ ಆಯ್ತು.”

“ಅದೇನು ಮಳೇನಾ, ತಾನೇ ಆಗೋಕೆ? ಮಾಡಿದ್ರಿ ಅನ್ನಿ.” ಒಂದು ಕ್ಷಣ ಯೋಚಿಸಿದ. “ಹೆಸರು ಅಳಿಸಿದ್ರೆ ಹುಡುಕಬಹುದಿತ್ತು ಭಾವ. ಇದು ಹಂಗಲ್ಲ, ಇಡೀ ಹೊಲ ಉತ್ತು ಹಾಕಿದಂಗೆ. ಫ್ಲಾಪೀಲಿ ಕಾಪಿ ಇಟ್ಟಿರಲಿಲ್ವಾ?”

“ಇತ್ತು. ಬೂಷ್ಟು ಹಿಡಿದಿದೆ.”

“ಅಕ್ಕಂಗೆ ಗೊತ್ತಾ?” ಎಂದು ಕೇಳುವಾಗ ಅವನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಅಲ್ಲಿಂದ ರಾಣಿಯಮ್ಮನ ಮನೆ ಹತ್ತಿರ. ಹೇಳಿಬಿಡುವುದೆಂದು ನಿಶ್ಚಯಿಸಿ ಮೆಟ್ಟಿಲು ಹತ್ತಿದ. ಮೊದಲ ತಿರುವಿನಲ್ಲಿ ‘ದೊಡ್ಡ ತಪ್ಪಾಯಿತು’ ಎಂದು ಶುರುಮಾಡುವುದೆಂದುಕೊಂಡ. ಎರಡನೆಯ ತಿರುವಿನಲ್ಲಿ ‘ದೊಡ್ಡ’ ಬೇಡವೆನ್ನಿಸಿತು. ಬಾಗಿಲು ತಟ್ಟುವ ಹೊತ್ತಿಗೆ ತಪ್ಪೇ ಯಂತ್ರದ್ದಾಗಿತ್ತು. ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಮುಳುಗಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ತಲೆಗೂದಲಿಗೆ ಬಣ್ಣ ಮೆತ್ತಿಕೊಂಡಿದ್ದಳು, ಕುತ್ತಿಗೆಗೆ ಹಳೆಯ ಟವೆಲು ಸುತ್ತಿತ್ತು. ರಂಗದ ಮೇಲೆ ಎರಡಾಳೆತ್ತರ ಕಾಣುವ ಹೆಂಗಸು ಮನೆಯಲ್ಲಿ ಇಷ್ಟು ಚಿಕ್ಕದಾಗಿ ಕುರ್ಚಿಯೊಳಗೆ ಹಿಡಿಸುವುದು ಅವನಿಗೆ ಪ್ರತಿಸಲವೂ ಒಂದು ಬಗೆಯ ಮುಜುಗರ ತರುತ್ತಿತ್ತು, ನೋಡಬಾರದ್ದನ್ನು ನೋಡಿದ ಹಾಗೆ.

“ಏನು ಪೆಟ್ಟಿಗೆ, ಈ ಕಡೆ ಬಂದೆ? ಹೇಗಿದ್ದಾಳೆ ನನ್ನ ಸವತಿ?”

ಪೆಟ್ಟಿಗೆಯೊಳಗಿನ ತನ್ನ ಹಳೆಯ ದನಿಯನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಅವನ ಬಾಯಿಂದ “ಚೆನ್ನಾಗಿದ್ದಾಳೆ” ಎಂಬ ಮಾತು ಎಷ್ಟು ಸರಾಗವಾಗಿ ಬಂತೆಂದರೆ, ಮೆಟ್ಟಿಲ ಮೇಲಿನ ಮೂರು ನಿಶ್ಚಯಗಳೂ ಅದರ ಹಿಂದೆ ಬಾಯಿ ಬಿಟ್ಟುಕೊಂಡು ನಿಂತವು.

“ಇರ್ತಾಳೆ ಬಿಡು. ಅವಳಿಗೇನು ವಯಸ್ಸಾಗುತ್ತಾ, ಶೀತ ಆಗುತ್ತಾ?” ಅವಳ ಈಗಿನ ದನಿ ತಗ್ಗಿನಲ್ಲಿ, ಒರಟಾಗಿ, ಮರಳಿನ ಮೇಲೆ ಚಕ್ಕಡಿ ಎಳೆದಂತೆ ಇತ್ತು. “ಹೋದ ವಾರ ನಾಟಕ ಮುಗಿದ ಮೇಲೆ ಒಬ್ಬಳು ಬಂದಿದ್ದಳು ನೋಡು, ಎಳೇ ಹುಡುಗಿ. ನನ್ನ ಗಂಟಲು ಮುಟ್ಟಲಾ ಅಂದ್ಲು. ಮುಟ್ಟಿಸಿಕೊಂಡೆ. ಕಣ್ಣಲ್ಲಿ ನೀರು ತುಂಬ್ಕೊಂಡು, ಇದರಲ್ಲೇ ಇದೆಯಾ ಅಮ್ಮ ಆ ಸ್ವರ, ಅಂದ್ಲು. ಇದೆ ಅಂದೆ. ಏನಂತ ಹೇಳಲಿ, ಆ ಕಡೆ ಮೂಲೇಲಿ ಕೂತವನ ಪೆಟ್ಟಿಗೇಲಿದೆ, ಹೋಗಿ ಅದನ್ನ ಮುಟ್ಟು ಅನ್ನಲಾ?” ಬಕೆಟ್ಟಿನಲ್ಲಿ ಕಾಲು ಆಡಿಸಿದಳು. “ಮನೆಗೆ ಬಂದು ಕನ್ನಡಿ ಮುಂದೆ ಕೂತು ಗಂಟಲು ಮುಟ್ಟಿ ನೋಡಿಕೊಂಡೆ ಕಣೋ. ಥೇಟ್ ಖಾಲಿ ಚೀಲ.”

ಅವನು ಬಕೆಟ್ಟಿನ ನೀರನ್ನೇ ನೋಡುತ್ತಿದ್ದ. ಈಗ ಹೇಳಬಹುದು, ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ, ಹೇಳಿದರೆ ಅವಳಿಗೆ ಹಗುರವೂ ಆದೀತು ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಆಗಲೇ ಬೇರೆ ಲೆಕ್ಕ ಹಾಕುತ್ತಿತ್ತು. “ರಾಣಿಯಮ್ಮ, ಸುಮ್ನೆ, ಒಂದ್ಸಲ ‘ಆ’ ಅಂತೀರಾ? ಮೇಲಿನದು ಬೇಡ. ಬರುವಷ್ಟು.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾಕೆ?”

“ಸುಮ್ನೆ.”

“ನೀನು ಸುಮ್ನೆ ಏನೂ ಮಾಡೋನಲ್ಲ. ಹೋಗು, ಬಣ್ಣ ತೊಳ್ಕೋಬೇಕು ನಾನು.” ಅವನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದಳು, “ಅವಳನ್ನ ಹುಷಾರಾಗಿ ನೋಡ್ಕೋ!” ಆ ಕೂಗಿನಲ್ಲಿ ಕಾಳಜಿಯಿತ್ತೋ ಕುಹಕವಿತ್ತೋ, ಇಳಿಯುವಾಗ ಎರಡೂ ತಿರುವು ಯೋಚಿಸಿದರೂ ತಿಳಿಯಲಿಲ್ಲ.

ನಾಟಕಶಾಲೆಯ ಹಿಂದಿನ ಉಡುಪಿನ ಕೋಣೆಯಲ್ಲಿ ಹೆಂಡತಿ ಯಜಮಾನರ ಕಿರೀಟಕ್ಕೆ ಅಂಟು ಹಚ್ಚುತ್ತಿದ್ದಳು. ತಮ್ಮ ಫೋನು ಮಾಡಿ ಹೇಳಿಯಾಗಿತ್ತೆಂದು ಅವಳು ತಲೆಯೆತ್ತದೆ ಇದ್ದ ರೀತಿಯಲ್ಲೇ ಗೊತ್ತಾಯಿತು. ಅವನು ರಂಗದಿಂದ ಕೀಬೋರ್ಡನ್ನು ಹೊತ್ತು ತಂದು ಇಸ್ತ್ರಿ ಮೇಜಿನ ಮೇಲಿಟ್ಟ. ಮೈಕು ತಂದ. ಬಾಗಿಲು ಹಾಕಿದ. ಸುತ್ತ ಹಗ್ಗಗಳ ಮೇಲೆ ರೇಷ್ಮೆ, ಮಖಮಲ್ಲು, ಜರಿ, ರಾಜರ ಅಂಗಿಗಳು, ದೂತರ ಅಂಗಿಗಳು ದಟ್ಟವಾಗಿ ನೇತಾಡುತ್ತಿದ್ದವು. ಬಟ್ಟೆ ಸದ್ದನ್ನು ಹೀರುತ್ತದೆ, ಇಷ್ಟು ಒಳ್ಳೆಯ ಕೋಣೆ ಬೇರೆಲ್ಲೂ ಸಿಗದು.

“ಏನು ಮಾಡ್ತಿದ್ದೀರಿ?”

“ಒಂದು ‘ಆ’ ಬೇಕು.”

“ನನ್ನ ಹತ್ರ ಇಲ್ಲಪ್ಪ. ನನ್ನ ಹತ್ರ ಇರೋದು ‘ಥೂ’ ಒಂದೇ.”

“ನಾನೇ ಹಾಡ್ತೀನಿ.”

ಅವಳ ಕೈಯಲ್ಲಿನ ಕಿರೀಟ ನಿಂತಿತು. ನಗುತ್ತಾಳೆಂದು ಅವನು ಕಾದ, ಕಿವಿ ಬಿಸಿಯಾಯಿತು. ನಗಲಿಲ್ಲ. ಎದ್ದು ಬಂದು, ತಂತಿ ಸಿಕ್ಕಾಗದಂತೆ ಬಿಡಿಸಿ, ಮೈಕನ್ನು ಅವನ ಬಾಯಿಯ ಮುಂದೆ ಹಿಡಿದು ನಿಂತಳು. ಮೊದಲ ಸಲ ಬಂದದ್ದು ಆಕಳಿಕೆ. ಎರಡನೆಯದನ್ನು ಯಂತ್ರ ನುಂಗಿತು. ಹೆಂಗಸಿನ ದನಿಯಾಗಲೆಂದು ಎತ್ತರದ ಕೀ ಒತ್ತಿದರೆ, ಸ್ವರ ಎತ್ತರವಾದಷ್ಟೂ ಸಣ್ಣಗೆ, ಚುರುಕಾಗಿ, ಕೀ ಕೊಟ್ಟು ಬಿಟ್ಟ ಆಟಿಕೆಯ ಬೊಂಬೆ ಕಿರುಚಿದಂತಾಯಿತು. ಹೆಂಡತಿ ಮಖಮಲ್ಲಿನೊಳಗೆ ಮುಖ ಹುದುಗಿಸಿದಳು. ಭುಜ ಕುಲುಕುತ್ತಿದ್ದವು. ಆಮೇಲೆ ಮುಖ ಒರೆಸಿಕೊಂಡು ಬಂದು ಹೇಳಿದಳು, “ಯಂತ್ರ ಎತ್ತುತ್ತೆ ಅಂತ ನೀವು ಕೆಳಗೇ ಕೂತಿದ್ದೀರಿ. ನೀವೇ ಮೇಲೆ ಹೋಗಿ. ಎಷ್ಟು ಆಗುತ್ತೋ ಅಷ್ಟು. ಉಳಿದ ಒಂದೆರಡು ಮೆಟ್ಟಿಲು ಮಾತ್ರ ಅದು ಹತ್ತಿಸಲಿ.”

“ಆಗಲ್ಲ ಕಣೆ. ಗಂಟಲು ಸೀಳುತ್ತೆ.”

“ಸೀಳಲಿ. ಗಂಡ ಸತ್ತು ಬಿದ್ದಿದ್ದಾನೆ ರೀ ಎದುರಿಗೆ, ನಾಜೂಕು ಮಾಡ್ತಾರಾ ಯಾರಾದ್ರೂ?” ಎಂದವಳು ಮೈಕನ್ನು ಇನ್ನಷ್ಟು ಹತ್ತಿರ ತಂದು, “ಅಥವಾ ನಿಮ್ಮ ಭಾವಮೈದ ಆ ಗಿರಾಕಿಗಳ ಮುಂದೆ ನಗ್ತಿದ್ದಾನೆ ಅಂದ್ಕೊಳ್ಳಿ,” ಎಂದಳು.

ಅವನು ಕಣ್ಣು ಮುಚ್ಚಿದ. ಭಾವಮೈದುನ ಬರಲಿಲ್ಲ. ಗಂಟಲು ಮುಟ್ಟಿ ನೋಡಿದ ಆ ಎಳೆ ಹುಡುಗಿ ಬಂದಳು. ಹೊಸ ಅಂಗಿ ತೊಟ್ಟು ನಿಂತ ತನ್ನ ಕಾಲ ಕೆಳಗಿನ ರಂಗದ ಹಲಗೆ ಬಂತು. ಬಾ, ನಿನ್ನ ಗಂಟಲೂ ಮುಟ್ಟಿ ನೋಡೋಣ ಎಂದು ಯಾರೂ ಕರೆಯದ ಇಷ್ಟೂ ಸಂಜೆಗಳು ಬಂದವು. ಬಾಯಿ ತೆರೆದ. ಬಂದ ಸದ್ದು ಯಾರದೆಂದು ಅವನಿಗೇ ಗೊತ್ತಾಗಲಿಲ್ಲ. ನಿಲ್ಲಿಸಿದ ಮೇಲೂ ನೇತಾಡುವ ಜರಿಯಂಗಿಗಳು ಸಣ್ಣಗೆ ನಡುಗುತ್ತಿದ್ದಂತಿತ್ತು. ಹೆಂಡತಿ ಮೈಕನ್ನು ಇನ್ನೂ ಹಾಗೇ ಹಿಡಿದಿದ್ದಳು. “ಸಾಕು,” ಎಂದಳು ಮೆಲ್ಲಗೆ. ಅವನು ಆ ‘ಆ’ದ ನಡುವಿನ ಒಂದು ತುಣುಕನ್ನು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುವಂತೆ ಕಟ್ಟಿದ, ಇನ್ನು ಕೀ ಒತ್ತಿ ಹಿಡಿದಷ್ಟು ಹೊತ್ತೂ ಅದು ನಿಲ್ಲುವುದಿಲ್ಲ.

ಸಂಜೆಯ ನಾಟಕಕ್ಕೆ ಜನ ಚೆನ್ನಾಗಿಯೇ ಸೇರಿದ್ದರು. ಕುದುರೆ ಓಡುವ ಕಡೆ ಅವನು ಮೇಜಿನ ಹಲಗೆ ಕುಟ್ಟಿದ, ಕತ್ತಿಗೆ ಎರಡು ಚಮಚ ಬಡಿದ, ರಾಕ್ಷಸನಿಗೆ ಏನೂ ತೋಚದೆ ತಾನೇ ಕೆಮ್ಮಿದ. ರಾಜನ ವೇಷದಲ್ಲಿದ್ದ ಯಜಮಾನರು ಪ್ರತಿಸಲವೂ ಅವನ ಕಡೆ ಉರಿಗಣ್ಣು ಬಿಟ್ಟು ನೋಡಿದರು. ಜನ ಅದನ್ನೂ ಶೌರ್ಯವೆಂದೇ ತಿಳಿದರು. ಕೊನೆಗೆ ರಾಜ ಸತ್ತ. ಬಹಳ ಹೊತ್ತು ತೆಗೆದುಕೊಂಡು, ಮೂರು ಕಡೆ ಹೊರಳಿ, ಬೆಳಕು ಚೆನ್ನಾಗಿ ಬೀಳುವ ಕಡೆ ನೋಡಿ ಸತ್ತ. ರಾಣಿ ಓಡಿಬಂದಳು. ಮಂಡಿಯೂರಿದಳು. ತಲೆ ಮೇಲೆತ್ತಿದಳು. ಬಾಯಿ ತೆರೆದಳು. ಅವನು ಕೀ ಒತ್ತಿದ.

ಆ ದನಿ ಹೆಂಗಸಿನದಾಗಿರಲಿಲ್ಲ, ಗಂಡಸಿನದೂ ಆಗಿರಲಿಲ್ಲ. ಹದ್ದು ಕೂಗಿದಂತೆ, ಅಥವಾ ನೀರು ಬತ್ತಿದ ಬಾವಿಗೆ ಯಾರೋ ಬಾಗಿ ಕರೆದಂತೆ, ಅದು ನಾಟಕಶಾಲೆಯ ಹಿಂದಿನ ಸಾಲಿನವರೆಗೆ ಹೋಗಿ ಅಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವರ ಕೈ ನಿಲ್ಲಿಸಿತು. ರಾಣಿಯಮ್ಮನ ತಲೆ ಅಲುಗಲಿಲ್ಲ. ಕಣ್ಣುಗುಡ್ಡೆಗಳು ಮಾತ್ರ ನಿಧಾನವಾಗಿ ಅವನಿರುವ ಮೂಲೆಗೆ ತಿರುಗಿದವು. ಬಿಡಬೇಕಾದ ಗಳಿಗೆ ಬಂತು, ಬೆರಳು ಎತ್ತಲಿಲ್ಲ. ಇದೊಂದು ಸಲ, ಎಂದುಕೊಂಡ. ಅವಳ ರೇಷ್ಮೆ, ಅವಳ ಕಿರೀಟ, ಅವಳ ತೆರೆದ ಬಾಯಿ, ಎಲ್ಲದರೊಳಗೂ ತಾನೇ ತುಂಬಿಕೊಂಡು ಸತ್ತ ರಾಜನಿಗಾಗಿ ಅಳುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಜನ ತನ್ನನ್ನೇ ಕೇಳುತ್ತಿದ್ದಾರೆ, ಅವರಿಗೆ ಗೊತ್ತಿಲ್ಲದೆ. ಅವನು ಕೀ ಬಿಡುವವರೆಗೆ ಅವಳು ಬಾಯಿ ಮುಚ್ಚುವಂತಿಲ್ಲ. ಎಷ್ಟೋ ವರ್ಷ ಅವಳ ಬಾಯಿಯನ್ನು ಕಾದು ಕೂತ ಕೈಗೆ ಇಂದು ಆ ಬಾಯಿಯೇ ಕಾದು ನಿಂತಿತ್ತು. ಇನ್ನೂ ಸ್ವಲ್ಪ. ಇನ್ನೊಂದು ಸ್ವಲ್ಪ. ಅವಳ ದವಡೆ ಸಣ್ಣಗೆ ನಡುಗತೊಡಗಿತ್ತು.

ಅವಳು ಬಾಯಿ ಮುಚ್ಚಿದಳು.

ಅವಸರವಿಲ್ಲದೆ, ಬೀಗರೆದುರು ಎಲೆಯಡಿಕೆ ಚೀಲದ ದಾರ ಎಳೆದ ಹಾಗೆ, ಎರಡು ತುಟಿ ಕೂಡಿಸಿ ಮುಚ್ಚಿದಳು. ಸ್ವರ ನಿಲ್ಲಲಿಲ್ಲ. ಮುಚ್ಚಿದ ಬಾಯಿಯ ರಾಣಿಯ ಮೇಲೆ ಅದು ಹಾಗೇ ತೂಗುತ್ತ ನಿಂತಿತು. ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರನ್ನು ಮೊಣಕೈಯಲ್ಲಿ ತಿವಿದರು. ಸತ್ತ ರಾಜ ಒಂದು ಕಣ್ಣು ತೆರೆದು ನೋಡಿ, ತಾನು ಸತ್ತದ್ದು ನೆನಪಾಗಿ, ಮತ್ತೆ ಮುಚ್ಚಿಕೊಂಡ. ಮೂಲೆಯಲ್ಲಿ ಪೆಟ್ಟಿಗೆ ಮಾಸ್ತರನ ಬೆರಳು ಕೀಗೆ ಅಂಟಿಹೋಗಿತ್ತು. ಎತ್ತಿದರೆ ಕಳ್ಳತನ ಒಪ್ಪಿಕೊಂಡಂತೆ, ಎತ್ತದಿದ್ದರೆ ಮಾಡುತ್ತಲೇ ಇದ್ದಂತೆ. ರಾಣಿಯಮ್ಮ ಎದ್ದಳು. ಹೆಣವನ್ನು ಅಲ್ಲೇ ಬಿಟ್ಟು, ಸೆರಗು ಎಳೆಯುತ್ತ, ಒಂದೊಂದೇ ಹೆಜ್ಜೆ ಇಡುತ್ತ ಅವನ ಮೂಲೆಯ ಕಡೆಗೇ ನಡೆದು ಬಂದಳು. ಇಷ್ಟು ವರ್ಷದಲ್ಲಿ ಆ ಮೂಲೆಗೆ ಯಾವ ಪಾತ್ರವೂ ಬಂದಿರಲಿಲ್ಲ. ಬೆಳಕು ಬಿಡುವವನಿಗೆ ಏನನ್ನಿಸಿತೋ, ಅವಳ ಹಿಂದೆಯೇ ಬೆಳಕನ್ನೂ ತಂದ. ಮೊದಲ ಸಲ ಜನರಿಗೆ ಅವನು ಕಂಡ: ಬೆವರಿದ ಹಣೆ, ಒಂದು ಗುಂಡಿ ಹೋದ ಅಂಗಿ, ಒಂದು ಬೆರಳು. ಅವಳು ಅವನ ಮುಖವನ್ನೂ ಬೆರಳನ್ನೂ ಕೂತು ಲೆಕ್ಕ ಹಾಕುವವಳಂತೆ ನೋಡಿದಳು. ಆಮೇಲೆ ತನ್ನ ಎರಡು ಬೆರಳುಗಳಿಂದ ಆ ಬೆರಳನ್ನು, ಎಲೆಯ ಮೇಲಿನ ಹುಳವನ್ನು ಎತ್ತಿ ಬಿಡುವಂತೆ ಎತ್ತಿ, ಪಕ್ಕಕ್ಕಿಟ್ಟಳು.

ನಾಟಕಶಾಲೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದೊಳಕ್ಕೆ ಅವಳು ಜನರ ಕಡೆ ತಿರುಗಿ, ತನ್ನ ಈಗಿನ ದನಿಯಲ್ಲಿ, ಮರಳಿನ ಮೇಲೆ ಎಳೆದಂಥ ಆ ಒರಟು ತಗ್ಗು ದನಿಯಲ್ಲಿ, “ನನ್ನ ಅಳು ಮುಗೀತು. ಇನ್ನು ಯಾರು ಅಳ್ತಾರೋ ಅಳಲಿ,” ಎಂದಳು. ಅದು ನಾಟಕದಲ್ಲಿ ಎಲ್ಲೂ ಇಲ್ಲದ ಮಾತು. ಪರದೆ ಎಳೆಯುವವನು ಗಾಬರಿಯಲ್ಲಿ ಪರದೆ ಎಳೆದ. ಆಚೆ ಚಪ್ಪಾಳೆ ಶುರುವಾಯಿತು.

ಬಣ್ಣದ ಕೋಣೆಯಲ್ಲಿ ಯಜಮಾನರು ಕಿರೀಟವನ್ನು ಕೈಯಲ್ಲಿ ಹಿಡಿದುಕೊಂಡು ಕೂಗಾಡಿದರು. “ಸತ್ತೋನು ನಾನು! ನನ್ನನ್ನ ಬಿಟ್ಟು ಪೆಟ್ಟಿಗೆ ಹತ್ರ ಏನಮ್ಮ ಕೆಲಸ ನಿಂಗೆ? ಮತ್ತೆ ನೀನು, ನೀನು ಇವತ್ತು ಕೆಮ್ಮಿದ್ಯಲ್ಲ, ಅದ್ಯಾವ ರಾಕ್ಷಸನಯ್ಯ?” ಅಷ್ಟರಲ್ಲಿ ಹೊರಗಿನಿಂದ ನಾಲ್ಕು ಜನ ನುಗ್ಗಿ ಬಂದು ಅವರ ಕೈ ಹಿಡಿದು ಕುಲುಕಿದರು. ದುಃಖ ಅನ್ನೋದು ಬಾಯಿ ಬಿಟ್ಟು ಹೊರಗೆ ನಿಂತುಬಿಟ್ಟಿತ್ತಲ್ಲ ಸಾರ್, ಮೈ ಜುಂ ಅಂತು, ಇದು ನಿಮ್ಮ ಯೋಚನೆಯೇ ಇರಬೇಕು, ಎಂದರು. ಯಜಮಾನರು ಕಿರೀಟವನ್ನು ಮತ್ತೆ ತಲೆಗೆ ಇಟ್ಟುಕೊಂಡರು. “ಹೌದು, ತುಂಬಾ ದಿನದಿಂದ ಇತ್ತು ತಲೇಲಿ,” ಎಂದರು. ಬಂದವರು ಹೋದ ಮೇಲೆ, “ನಾಳೇನೂ ಹಾಗೇ ಮಾಡಿ,” ಎಂದು ಅಪ್ಪಣೆ ಮಾಡಿ ಪಂಚೆ ಹುಡುಕಿಕೊಂಡು ಹೋದರು.

ರಾಣಿಯಮ್ಮ ಕನ್ನಡಿಯ ಮುಂದೆ ಕೂತು ಹತ್ತಿಯಿಂದ ಬಣ್ಣ ಒರೆಸುತ್ತಿದ್ದಳು. ಕನ್ನಡಿಯೊಳಗಿಂದಲೇ ಕೇಳಿದಳು, “ಯಾವಾಗ ಸತ್ತಳು?”

“ಬೆಳಿಗ್ಗೆ,” ಎಂದ. “ಕೈತಪ್ಪಿ.” ಹಿಂದೆ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಗಂಟಲು ಸರಿಮಾಡಿಕೊಂಡಳು. “ಗೊತ್ತಿಲ್ಲ ರಾಣಿಯಮ್ಮ,” ಎಂದು ತಿದ್ದಿಕೊಂಡ. “ಕೈತಪ್ಪಿಯೋ ಏನೋ, ನಿಜವಾಗ್ಲೂ ಗೊತ್ತಿಲ್ಲ.”

ಅವಳು ಒಂದು ಕೆನ್ನೆ ಪೂರ್ತಿ ಒರೆಸಿದಳು. ಅರ್ಧ ರಾಣಿ, ಅರ್ಧ ಅವಳು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಅವನು ಹೆದರಿದ. ನೋಡಿದರೆ ನಗುತ್ತಿದ್ದಳು, ಸದ್ದಿಲ್ಲದೆ, ಕಣ್ಣಿನ ಕಾಡಿಗೆ ಹರಿಯುವಷ್ಟು. “ನನ್ನ ಕೈಲಿ ಆಗದೆ ಇದ್ದಿದ್ದು ನಿನ್ನ ಕೈಲಿ ಆಯ್ತಲ್ಲೋ. ಎಷ್ಟು ಸಲ ಅಂದ್ಕೊಂಡಿದ್ದೆ, ಆ ಪೆಟ್ಟಿಗೆಗೆ ಒಂದು ಚೊಂಬು ನೀರು ಸುರಿದುಬಿಡೋಣ ಅಂತ.” ನಗು ನಿಂತಿತು. “ಮತ್ತೆ ಇವತ್ತು ಕೂಗಿದ್ದು ಯಾರು?”

ಅವನು ಅಂಗಿಯ ಗುಂಡಿ ಹೋದ ಜಾಗದಲ್ಲಿ ಬೆರಳಾಡಿಸಿದ. ಹೆಂಡತಿ ಬಟ್ಟೆಯ ರಾಶಿಯ ಹಿಂದಿನಿಂದ, “ಇವರೇ,” ಎಂದಳು.

“ಅನ್ಕೊಂಡೆ. ಶ್ರುತಿ ಈಗಲೂ ಒಂದು ಕೂದಲು ಕೆಳಗೇ ಇದೆ.” ಇನ್ನೊಂದು ಕೆನ್ನೆ ಒರೆಸತೊಡಗಿದಳು. “ಯಜಮಾನ್ರು ಹೇಳಿದಂಗೆ ನಾಳೆ ನಾನು ಬಾಯಿ ಮುಚ್ಕೊಂಡು ನಿನ್ನ ಹತ್ರ ನಡ್ಕೊಂಡು ಬರ್ತೀನಿ. ಬೆಳಕೂ ಬರುತ್ತೆ. ಆದ್ರೆ ಪೆಟ್ಟಿಗೆ ಮುಟ್ಟಬೇಡ. ನೀನೇ ಎದ್ದು ನಿಂತು, ಬಾಯಿ ಬಿಟ್ಟು ಹಾಡು.”

“ನನ್ನ ಗಂಟಲು ಚೆನ್ನಾಗಿಲ್ಲ ರಾಣಿಯಮ್ಮ.”

“ಅದನ್ನ ನಿಂಗೆ ಹೇಳಿದೋಳೇ ನಾನು. ಮತ್ತೆ ನಂಗೇ ಹೇಳ್ತೀಯಾ?”

ಮರುದಿನ ಬೆಳಿಗ್ಗೆ ಅವನಿನ್ನೂ ಹಲ್ಲುಜ್ಜುತ್ತಿರುವಾಗಲೇ ರಾಣಿಯಮ್ಮ ಬಂದು ಅವನ ಮನೆಯ ಹೊರಕೋಣೆಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಳು. ಹೆಂಡತಿ ಕಾಫಿ ಕೊಟ್ಟು, ಹೊಲಿಗೆ ತಗೊಂಡು ಬಾಗಿಲ ಬಳಿ ಜಾಗ ಹಿಡಿದಳು. ಅಂಥದ್ದನ್ನು ತಪ್ಪಿಸಿಕೊಳ್ಳುವವಳಲ್ಲ ಅವಳು. ಅವನು ಕೋಣೆಯ ನಡುವೆ, ಕೈ ಎಲ್ಲಿಡಬೇಕೆಂದು ತಿಳಿಯದೆ, ಎರಡೂ ಕೈಗಳನ್ನು ಬಾಡಿಗೆಗೆ ತಂದವನಂತೆ ನಿಂತ. ಮೊದಲ ಸ್ವರ ಒಡೆಯಿತು. ಎರಡನೆಯದು ಹೊರಟು, ದಾರಿ ಮರೆತು, ಕೆಮ್ಮಾಯಿತು. ಹೆಂಡತಿ ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳದೆ, ಬಾಯಿ ತುಂಬ, ಮುಚ್ಚುಮರೆಯಿಲ್ಲದೆ ನಕ್ಕಳು. ರಾಣಿಯಮ್ಮನೂ ನಕ್ಕಳು. ಇಬ್ಬರು ಹೆಂಗಸರು ನಗುವಾಗ ನಿಂತಲ್ಲೇ ನಿಂತು ಕಾಯುವುದು ತಾನು ಹೆದರಿದಷ್ಟು ಕಷ್ಟವಲ್ಲವೆಂದು ಅವನಿಗೆ ಆಶ್ಚರ್ಯವಾಯಿತು. “ಹೂಂ, ಮುಂದೆ,” ಎಂದಳು ರಾಣಿಯಮ್ಮ. ಮೂರನೆಯದು ಮೇಲಕ್ಕೆ ಹೋಯಿತು. ಹೋಗಿ, ಸ್ವಲ್ಪ ಓಲಾಡಿ, ಅಲ್ಲೇ ನಿಂತಿತು. ಅದನ್ನು ಬಿಡಲು ಮನಸ್ಸಾಗದೆ ಅವನು ಹಿಡಿದೇ ಇದ್ದ.

ಪಕ್ಕದ ಮನೆಯವನು ಗೋಡೆಗೆ ಧಡಧಡನೆ ಬಡಿಯತೊಡಗಿದ. ಹಾಡುತ್ತಿದ್ದವನು ತಟ್ಟನೆ ಬಾಯಿ ಮುಚ್ಚಿದ.

“ನಿಲ್ಲಿಸಬೇಡವೋ, ಬಡೀಲಿ ಬಿಡು,” ಎಂದಳು ರಾಣಿಯಮ್ಮ, ಕಾಲು ಕುಣಿಸುತ್ತ. “ತಾಳ ಸಿಕ್ತಲ್ಲ.”